ಹೊಳೆಯ ದಂಡೆಯಲ್ಲಿ ಅವಳು ಹೇಳಿದ ಮಾತು

ಹೊಳೆಯ ಆಚೆ ದಂಡೆಗೆ ಒಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಗುರುವನ್ನು ಜನ ಅಡವಯ್ಯಜ್ಜ ಎನ್ನುತ್ತಿದ್ದರು. ಶಿಷ್ಯನ ಹೆಸರು ಹಾಲಯ್ಯ.

ಅಜ್ಜ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಉಳಿದದ್ದನ್ನೆಲ್ಲ ಹಾಲಯ್ಯ ಆಡುತ್ತಿದ್ದ.

ಆಡಲಿ ಬಿಡಿ, ಅವನ ಬಾಯಿ ಅಂಥದ್ದು. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಈಚೆ ದಂಡೆಯ ಹಳ್ಳಿಗಳ ಜನ ಹರಿಗೋಲು ಹತ್ತಿ ಬಂದು ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಹಾಲಯ್ಯ ಕಟ್ಟೆ ಏರಿ ಕಥೆ ಹೇಳುತ್ತಿದ್ದ. ಹನ್ನೆರಡು ತಿಂಗಳೂ ಅದೇ ಕಥೆ. ಆದರೂ ಜನ ಕಡಿಮೆಯಾಗಲಿಲ್ಲ, ವರ್ಷದಿಂದ ವರ್ಷಕ್ಕೆ ಹೆಚ್ಚಾದರು.

ಅದು ಆಶ್ರಮ ಕಟ್ಟಿದವನ ಕಥೆ. ಅವನನ್ನು ಎಲ್ಲರೂ ದಾಟಿದಜ್ಜ ಅನ್ನುವುದು. ದಾಟಿದಜ್ಜ ಮೊದಲು ಸಂಸಾರಿಯಾಗಿದ್ದ. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಮನೆ ಬಿಟ್ಟು ಹೊರಟ. ಹೆಂಡತಿ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಹಿಂದೆ ಓಡಿ ಬಂದಳು. ಹೊಳೆಯ ದಂಡೆಯಲ್ಲಿ ಅವನನ್ನು ಹಿಡಿದಳು. ಅವನು ಆಗಲೇ ಒಂದು ಕಾಲು ಹರಿಗೋಲಿನಲ್ಲಿ ಇಟ್ಟಿದ್ದ. ಅವಳು ಅವನಿಗೆ ಒಂದು ಮಾತು ಹೇಳಿದಳು.

ಆ ಮಾತು ಯಾವುದು? ಅದನ್ನು ಹೇಳುವ ಹಾಗಿರಲಿಲ್ಲ.

ಕಥೆ ಅಲ್ಲಿಗೆ ಬಂದಾಗ ಹಾಲಯ್ಯ ಪಕ್ಕದ ತಾಮ್ರದ ಗಿಂಡಿ ಎತ್ತಿ ಹೊಳೆಯ ನೀರನ್ನು ಬಾಯಿ ತುಂಬ ಹೊಯ್ದುಕೊಳ್ಳುತ್ತಿದ್ದ. ಎರಡೂ ಗಲ್ಲ ಉಬ್ಬಿಸಿ, ಮನಸ್ಸಿನಲ್ಲೇ ಇಪ್ಪತ್ತು ಎಣಿಸುತ್ತಿದ್ದ. ಬಾಯಿ ತುಂಬ ನೀರಿದ್ದವನು ಏನು ಹೇಳಿಯಾನು? ಆಮೇಲೆ ನೀರು ನುಂಗಿ ಮುಂದುವರಿಸುತ್ತಿದ್ದ: "ಆ ಮಾತು ಕೇಳಿದ. ಹೊಳೆ ದಾಟಿದ. ತಿರುಗಿ ನೋಡಲಿಲ್ಲ."

ಇದಕ್ಕೆ ಬಾಯಿನೀರು ಎಂದು ಹೆಸರು. ಆಶ್ರಮದಲ್ಲಿ ತಲೆಮಾರುಗಳಿಂದ ನಡೆದು ಬಂದ ಪದ್ಧತಿ.

ಜನ ಬರುತ್ತಿದ್ದುದು ಆ ಇಪ್ಪತ್ತರ ಎಣಿಕೆಗಾಗಿಯೇ. ಅಷ್ಟು ಹೊತ್ತು ಬೇವಿನ ಕೆಳಗೆ ಒಬ್ಬರೂ ಕೆಮ್ಮುತ್ತಿರಲಿಲ್ಲ. ಒಬ್ಬೊಬ್ಬರೂ ಅಲ್ಲಿ ತಮ್ಮ ತಮ್ಮ ಮಾತನ್ನು ಇಟ್ಟುಕೊಳ್ಳುತ್ತಿದ್ದರು. ಅದು ಮಹಾಮಂತ್ರ ಎಂದು ಕೆಲವರು. ಅದನ್ನು ಕೇಳಿದವನಿಗೆ ಮರುಜನ್ಮವಿಲ್ಲ ಎಂದು ಕೆಲವರು. ಪಕ್ಕದೂರಿನ ರೇವಣಶಾಸ್ತ್ರಿಗಳು ಅದರ ಮೇಲೆ ಮೂರು ಸಲ ಪ್ರವಚನ ಮಾಡಿದ್ದರು. ಮಾತು ಗೊತ್ತಿಲ್ಲದೆಯೇ ಮಾಡಿದ್ದರು, ಅದು ಅವರ ಹೆಚ್ಚುಗಾರಿಕೆ.

ಮಾತು ಗೊತ್ತಿದ್ದವರು ಅಡವಯ್ಯಜ್ಜ ಒಬ್ಬರೇ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಅದೂ ಶಿಷ್ಯ ಬಂದು ಹನ್ನೆರಡು ವರ್ಷ ತುಂಬಿದ ಮೇಲೆ. ಅದೇ ನೇಮ. ಅಜ್ಜ ತಮ್ಮ ಕಾಲದಲ್ಲಿ ಹಾಲಯ್ಯನಿಗಿಂತ ಚೆನ್ನಾಗಿ ಕಥೆ ಹೇಳುತ್ತಿದ್ದರಂತೆ. ಮಾತು ಸಿಕ್ಕ ಮೇಲೂ ವರ್ಷಗಟ್ಟಲೆ ಹೇಳಿದರು, ಹಾಲಯ್ಯ ಮೊದಲು ಕೇಳಿದ್ದು ಅವರ ಬಾಯಿಂದಲೇ. ಅವನು ಬಂದ ಎರಡನೆಯ ವರ್ಷ ಗಿಂಡಿಯನ್ನು ಅವನ ಕೈಗಿಟ್ಟು ಕಟ್ಟೆ ಇಳಿದವರು, ಮತ್ತೆ ಏರಲಿಲ್ಲ.

ಅದನ್ನು ಹಾಲಯ್ಯ ದೊಡ್ಡತನ ಎಂದುಕೊಂಡಿದ್ದ.

ಈಗ ಹಾಲಯ್ಯನ ಮಾತು ಹೇಳಬೇಕು. ಹೇಳುವುದಕ್ಕೆ ನನಗೇನೂ ಹಿಗ್ಗಿಲ್ಲ.

ಅವನ ಊರು ಹೊಳೆಯಿಂದ ಎರಡು ದಿನದ ದಾರಿ. ಅಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿಕೊಂಡಿದ್ದ. ಬಾಳವ್ವ ಎಂಬ ಹೆಂಡತಿ ಇದ್ದಳು, ಒಂದೂವರೆ ವರ್ಷದ ಮಗಳಿದ್ದಳು. ಯಾರದೋ ಜೊತೆ ಒಮ್ಮೆ ಈ ಆಶ್ರಮಕ್ಕೆ ಬಂದು ಕಥೆ ಕೇಳಿದ. ಆ ಬಾಯಿನೀರು ಅವನ ತಲೆಯಲ್ಲಿ ಕೂತುಬಿಟ್ಟಿತು. ಊರಿಗೆ ಹೋದರೂ ಅದೇ ಧ್ಯಾನ. ಯಾವ ಮಾತು ಕೇಳಿ ಮನುಷ್ಯ ಹೀಗೆ ದಾಟಿಯಾನು? ಅದೊಂದು ಮಾತು ತನಗೂ ಸಿಕ್ಕರೆ ಸಾಕು ಅನ್ನಿಸಿತು.

ಒಂದು ಬೆಳಿಗ್ಗೆ ಎದ್ದು ಹೊರಟ. ಬಾಳವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳು ಬೀಸುಕಲ್ಲು ಹಿಡಿದುಕೊಂಡು ನಿಂತಿದ್ದಳು. ಊಟಕ್ಕೆ ಬರ್ತೀರೇನು ಎಂದು ಬಾಳವ್ವ ಕೇಳಿದಳು. ಹೂಂ ಎಂದ. ಅಷ್ಟೇ.

ಆ ಹೂಂ ಹನ್ನೆರಡು ವರ್ಷ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಆದರೆ ಅವನಿಗೆ ಒಂದು ಧೈರ್ಯವಿತ್ತು. ಆ ಮಾತು ಕೈಗೆ ಬಂದ ದಿನ ಎಲ್ಲ ಸರಿಹೋಗುತ್ತದೆ, ತಾನು ಬಿಟ್ಟು ಬಂದದ್ದು ವ್ಯರ್ಥವಲ್ಲ ಎಂದು ಆವತ್ತು ಗೊತ್ತಾಗುತ್ತದೆ. ಬಾಳವ್ವನಿಗೆ ಗೊತ್ತಾಗದಿದ್ದರೂ ತನಗೆ ಗೊತ್ತಾಗುತ್ತದೆ. ಆ ಒಂದು ನಂಬಿಕೆಯ ಮೇಲೆ ಅವನು ಹನ್ನೆರಡು ವರ್ಷ ಉಂಡ, ಮಲಗಿದ, ಕಥೆ ಹೇಳಿದ.

ನಡುವೆ ಐದನೆಯ ವರ್ಷವೋ ಆರನೆಯ ವರ್ಷವೋ ತಡೆಯಲಾರದೆ ಅಜ್ಜನನ್ನು ಕೇಳಿದ್ದ.

"ನನಗ ಗೊತ್ತಿಲ್ಲದ ಮಾತನ್ನ ನಾ ಹೆಂಗ ಹೇಳಲ್ರಿ ಅಜ್ಜಾರ?"

"ಗೊತ್ತಿಲ್ಲ ಅಂತನ ಇಷ್ಟು ಚಲೋ ಹೇಳ್ತಿ," ಅಂದರು ಅಜ್ಜ.

ಹಾಲಯ್ಯ ಅದನ್ನು ಹೊಗಳಿಕೆ ಎಂದು ತಿಳಿದು ಎರಡು ದಿನ ಬೀಗಿದ.

ಹನ್ನೆರಡು ತುಂಬಲು ಹದಿನೈದು ದಿನ ಇದ್ದಾಗ ಒಬ್ಬ ಹೆಂಗಸು ಒಬ್ಬಳೇ ಹರಿಗೋಲಿನಲ್ಲಿ ಬಂದಳು. ಹೆಸರು ಸಾತವ್ವ. ಗಂಡ ಬೀರಪ್ಪ, ಕಂಬಳಿ ನೇಯುವವನು. ಬೀರಪ್ಪನನ್ನು ಹಾಲಯ್ಯ ಬಲ್ಲ. ಒಂದು ವರ್ಷದಿಂದ ಒಂದು ಅಮಾವಾಸ್ಯೆಯನ್ನೂ ತಪ್ಪಿಸದೆ ಬಂದು ಮುಂದಿನ ಸಾಲಿನಲ್ಲಿ ಕೂತು, ಬಾಯಿನೀರಿನ ಹೊತ್ತಿಗೆ ಕಣ್ಣು ಮುಚ್ಚುವವನು. ಅಂಥ ಕೇಳುಗ ಸಿಕ್ಕರೆ ಯಾವ ಕಥೆಗಾರನಿಗೆ ಖುಷಿಯಾಗದು?

ಸಾತವ್ವ ಕೈಮುಗಿಯಲಿಲ್ಲ, ಕೂರಲಿಲ್ಲ. ನಿಂತೇ ಹೇಳಿದಳು. ಬೀರಪ್ಪ ಮಗ್ಗ ಬಿಟ್ಟು ಎರಡು ತಿಂಗಳಾಯಿತಂತೆ. ಬರುವ ಅಮಾವಾಸ್ಯೆಗೆ ಹೊಳೆ ದಾಟಿ ಇಲ್ಲೇ ಉಳಿಯುತ್ತೇನೆ ಎನ್ನುತ್ತಾನಂತೆ. ಮೂರು ಮಕ್ಕಳಿದ್ದಾರೆ, ಚಿಕ್ಕದು ಇನ್ನೂ ಎದೆಹಾಲು ಬಿಟ್ಟಿಲ್ಲ. ಅತ್ತು ನೋಡಿದ್ದಳು, ಬೈದು ನೋಡಿದ್ದಳು, ಅವನ ಅಣ್ಣಂದಿರಿಂದ ಹೇಳಿಸಿ ನೋಡಿದ್ದಳು. ದಾಟಿದಜ್ಜನ ಹೆಂಡತಿಯೂ ಹೀಗೇ ಅಡ್ಡ ಬಂದಿದ್ದಳು ಎಂದು ಅವನು ನಗುತ್ತಾನಂತೆ.

"ಆಕಿ ಏನು ಹೇಳಿದ್ಲು ಅಂತ ನನಗೊಂದು ಹೇಳ್ರಿ ಅಯ್ಯಾರ," ಅಂದಳು ಸಾತವ್ವ. "ಆಕಿ ಹೇಳಿದ್ದು ಕೇಳಿ ಅಂವ ಹೋದ. ಅದೊಂದು ಬಿಟ್ಟು ಬ್ಯಾರೆ ಏನರ ಹೇಳಿ ನಾ ನನ್ನ ಗಂಡನ್ನ ಉಳಿಸಿಕೊಂತೀನಿ."

ಹಾಲಯ್ಯನಿಗೆ ಮಾತು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಹತ್ತು ವರ್ಷದಿಂದ ಆ ಕಟ್ಟೆಯ ಮೇಲೆ ಗೊತ್ತಿದ್ದವನ ಮುಖ ಮಾಡಿಕೊಂಡು ನೀರು ಹಿಡಿದವನು, ಈಗ ಒಬ್ಬ ಹೆಂಗಸಿನ ಮುಂದೆ ಆ ಮುಖವನ್ನು ಕಳಚುವುದು ಹೇಗೆ? ಅದು ಸಂಸಾರಿಗಳ ಕಿವಿಗೆ ತಕ್ಕದ್ದಲ್ಲ ತಂಗಿ, ಮೇಲಿನವನ ಕರೆ ಬಂದವನನ್ನು ನಾನು ತಡೆಯಲಾರೆ ಎಂದ. ಗಂಭೀರವಾಗಿಯೇ ಹೇಳಿದ.

ಸಾತವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಕೂಸಿನ್ನ ಬಗಲಾಗ ಇಟ್ಟುಕೊಂಡು ಹೊಳಿತನಕ ಓಡಿ ಬಂದಾಕಿ ಮಂತ್ರ ಹೇಳಾಕ ಬಂದಿರ್ತಾಳೇನ್ರಿ?" ಎಂದು ಹರಿಗೋಲಿನ ಕಡೆ ಹೋದಳು.

ಹಾಲಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಅಜ್ಞಾನಿ ಎಂದು ಬೈದುಕೊಂಡ. ಆವತ್ತು ಸಂಜೆ ಊಟ ಸೇರಲಿಲ್ಲ.

ಹದಿನೈದು ದಿನ ಕಳೆಯಿತು. ಹನ್ನೆರಡು ವರ್ಷ ತುಂಬಿದ ಬೆಳಿಗ್ಗೆ ಅಜ್ಜ ತಾವಾಗಿಯೇ ಅವನನ್ನು ಹೊಳೆಗೆ ಕರೆದುಕೊಂಡು ಹೋದರು. ಗಿಂಡಿಯಲ್ಲಿ ನೀರು ತುಂಬಿ ಅವನ ಕೈಗೆ ಕೊಟ್ಟರು.

"ಬಾಯಿ ತುಂಬಿಕೋ. ಕೇಳುವವನ ಬಾಯಾಗ ನೀರು ಇರಬೇಕು. ಅದೂ ನೇಮ."

ಹಾಲಯ್ಯ ಬಾಯಿ ತುಂಬ ನೀರು ಹಿಡಿದು ಕಣ್ಣು ಮುಚ್ಚಿದ. ಅಜ್ಜ ಅವನ ಕಿವಿಯ ಹತ್ತಿರ ಬಂದು, ಪಕ್ಕದ ಮನೆಯವರಿಗೆ ಹೇಳುವಷ್ಟು ಸಲೀಸಾಗಿ ಹೇಳಿದರು:

"ಕೂಸಿಗೆ ಜ್ವರ ಬಂದೈತಿ. ಇವತ್ತೊಂದಿನ ಇದ್ದು ನಾಳೆ ಹೋಗ್ರಿ."

ಹಾಲಯ್ಯ ಇನ್ನೂ ಕಾಯುತ್ತಲೇ ಇದ್ದ. ಇದು ಪೀಠಿಕೆ, ಮಾತು ಇನ್ನು ಬರುತ್ತದೆ ಎಂದುಕೊಂಡಿದ್ದ. ಕಣ್ಣು ತೆರೆದು, ಅಜ್ಜ ದೂರ ಸರಿದು ನಿಂತದ್ದು ಕಂಡ ಮೇಲೆ ನೀರು ನೆತ್ತಿಗೇರಿ ಮೂಗಿನಲ್ಲೆಲ್ಲ ಬಂತು. ಕೆಮ್ಮಿ ಕೆಮ್ಮಿ ಕೂತುಬಿಟ್ಟ.

"ಇಷ್ಟ ಏನ್ರಿ?"

"ಇಷ್ಟ."

"ಮುಂದ?"

"ಮುಂದ ಅಂವ ಹರಿಗೋಲು ಹತ್ತಿದ."

ಹಾಲಯ್ಯ ಮರಳಿನ ಮೇಲೆ ಕೂತೇ ಒಂದೊಂದಾಗಿ ಕೇಳತೊಡಗಿದ. ಇದನ್ನು ಮುಚ್ಚಿಟ್ಟವರು ಯಾರು, ದಾಟಿದಜ್ಜನೇ ಏನು? ಅಲ್ಲ ಎಂದರು ಅಜ್ಜ. ದಾಟಿದಜ್ಜ ಮುಪ್ಪಿನಲ್ಲಿ ಇದನ್ನು ತನ್ನ ಮೊದಲ ಶಿಷ್ಯನಿಗೆ ಅಳುತ್ತ ಹೇಳಿದ್ದನಂತೆ. ಬಂದವರಿಗೆಲ್ಲ ಇದನ್ನು ಹೇಳು, ಹೇಳಿ ಮನೆಗೆ ಕಳಿಸು ಎಂದಿದ್ದನಂತೆ. ಶಿಷ್ಯ ಹೂಂಗುಟ್ಟಿದ. ಗುರು ತೀರಿಕೊಂಡ ಮೇಲೆ ಜನರ ಮುಂದೆ ಕಥೆ ಹೇಳಲು ಕೂತಾಗ, ಆ ಜಾಗ ಬಂದಾಗ, ಗಿಂಡಿ ಎತ್ತಿ ನೀರು ಕುಡಿದ. ನಾಚಿಕೆಗೆ ಕುಡಿದನೋ ಹೆದರಿ ಕುಡಿದನೋ ಯಾರು ಬಲ್ಲರು. ಆವತ್ತು ಜನ ಉಸಿರು ಬಿಗಿಹಿಡಿದದ್ದು ಕಂಡು ಮುಂದಿನ ಸಲವೂ ಹಾಗೇ ಮಾಡಿದ.

"ಮತ್ತ ನಿಮಗ ಈ ಮಾತು ಸಿಕ್ಕಾಗ ನೀವೇನು ಮಾಡಿದ್ರಿ?"

ಅಜ್ಜ ತಮ್ಮ ವಿಷಯ ಎಂದೂ ಆಡಿದವರಲ್ಲ. ಆವತ್ತು ಆಡಿದರು. ಕಣ್ಣು ಕಾಣದ ತಾಯಿಯನ್ನು ಬಿಟ್ಟು ಬಂದವರಂತೆ. ಮಾತು ಸಿಕ್ಕ ದಿನವೇ ಊರಿಗೆ ಓಡಿದರು. ಮನೆಯಿದ್ದ ಜಾಗದಲ್ಲಿ ಯಾರೋ ಹೊಟ್ಟು ಒಟ್ಟಿದ್ದರು. ಹೋಗುವುದಕ್ಕೆ ಬೇರೆ ಜಾಗವಿಲ್ಲದೆ ತಿರುಗಿ ಇಲ್ಲಿಗೇ ಬಂದರು. ಆಮೇಲೂ ಕಟ್ಟೆ ಏರಿದರು, ನೀರು ಹಿಡಿದರು. ತಮಗೂ ಬೇರೆ ಕಸುಬು ಬರುತ್ತಿರಲಿಲ್ಲ ಎಂದರು. ಗಿಂಡಿ ದಾಟಿಸಲು ಹಾಲಯ್ಯನಂಥವನು ಒಬ್ಬ ಸಿಗುವ ತನಕ ಹೀಗೇ ನಡೆಯಿತಂತೆ.

ಹಾಲಯ್ಯನಿಗೆ ಅಳುವೂ ಸಿಟ್ಟೂ ಕೂಡಿಯೇ ಬಂದವು.

"ಹನ್ನೆರಡು ವರ್ಷ ಯಾಕ ಕಾಯಿಸಿದ್ರಿ ಅಜ್ಜಾರ? ಬಂದ ದಿನಾನ ಹೇಳಿದ್ರ ನಾ ಆವತ್ತ ಮನಿಗೆ ಹೋಗ್ತಿದ್ದೆ."

"ಅದಕ್ಕ ಹನ್ನೆರಡು ವರ್ಷ. ಅಷ್ಟೊತ್ತಿಗೆ ತಿರುಗಿ ಹೋಗಾಕ ಮನಿ ಉಳಿದಿರೂದಿಲ್ಲ."

ಇಂಥ ಮಾತನ್ನು ಕೇಳಿದವನು ಏನು ಮಾಡಬೇಕು? ಹಾಲಯ್ಯ ಎದ್ದು ನಿಂತ. ಮುಖ ಕಪ್ಪಿಟ್ಟಿತ್ತು. ಈ ಸಲದ ಅಮಾವಾಸ್ಯೆಗೆ ನೀರು ಹಿಡಿಯುವುದಿಲ್ಲ, ಈ ಮಾತನ್ನು ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ ಎಂದ. ಅಜ್ಜ ತಡೆಯುತ್ತಾರೆ, ಶಾಪ ಹಾಕುತ್ತಾರೆ, ಆಶ್ರಮದಿಂದ ಹೊರಗೆ ನೂಕುತ್ತಾರೆ ಎಂದುಕೊಂಡಿದ್ದ.

"ಬಾಯಿ ನಿಂದು," ಎಂದು ಹೇಳಿ ಅಜ್ಜ ಗಿಂಡಿ ತೊಳೆದುಕೊಂಡು ಹೋದರು.

ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಇತ್ತು.

ಮೊದಲ ದಿನ ಹಾಲಯ್ಯ ಸುಮ್ಮನೆ ಬಿದ್ದುಕೊಂಡಿದ್ದ. ಎರಡನೆಯ ದಿನ ಅವನಿಗೆ ಸಾತವ್ವ ನೆನಪಾದಳು. ಬೀರಪ್ಪನನ್ನು ಉಳಿಸಬೇಕು ಅನ್ನಿಸಿತು. ಅನ್ನಿಸಿದ್ದೇ ತಡ, ಮೈಯಲ್ಲಿ ಒಂದು ಹುರುಪು ಬಂತು. ತಾನು ಕೆಟ್ಟರೂ ಇನ್ನೊಬ್ಬನ ಸಂಸಾರ ಉಳಿದೀತು, ತನ್ನ ಹನ್ನೆರಡು ವರ್ಷಕ್ಕೆ ಹಾಗಾದರೂ ಒಂದು ಅರ್ಥ ಬಂದೀತು ಎಂದು ಲೆಕ್ಕ ಹಾಕಿದ.

ಮೂರನೆಯ ದಿನದಿಂದ ಹೊಳೆಯ ದಂಡೆಗೆ ಹೋಗಿ ಕೂತು ಆ ಮಾತನ್ನು ಹೇಳಿ ನೋಡತೊಡಗಿದ. ಒಂದು ಸಲ ಗಟ್ಟಿಯಾಗಿ ಹೇಳಿದ, ಚೆನ್ನಾಗಿ ಬರಲಿಲ್ಲ. ಒಂದು ಸಲ ಹೆಣ್ಣಿನ ಧ್ವನಿಯಲ್ಲಿ ಹೇಳಿದ, ಬಯಲಾಟದ ಹಾಗೆ ಆಯಿತು. ಓಡಿ ಬಂದವಳಿಗೆ ಉಸಿರು ಹತ್ತಿರಬೇಕಲ್ಲ ಎಂದು ಸ್ವಲ್ಪ ಏದುಸಿರು ಸೇರಿಸಿದ. 'ಜ್ವರ' ಎಂದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂದು ಹತ್ತು ರೀತಿ ನಿಂತು ನೋಡಿದ. ಎಂಟನೆಯ ದಿನಕ್ಕೆ ಅದು ಹದಕ್ಕೆ ಬಂತು. ಹೇಳಿದಾಗ ಅವನಿಗೇ ಕಣ್ಣಲ್ಲಿ ನೀರಾಡಿತು. ಇದಕ್ಕೆ ಕರಗದ ಮನುಷ್ಯನಿಲ್ಲ ಎಂದುಕೊಂಡು ಎದ್ದ.

ಅಮಾವಾಸ್ಯೆ ಬಂತು. ಬೇವಿನ ಕೆಳಗೆ ಜಾಗ ಸಾಲದೆ ಜನ ಬಿಸಿಲಲ್ಲೂ ಕೂತಿದ್ದರು. ಮುಂದಿನ ಸಾಲಿನಲ್ಲಿ ಬೀರಪ್ಪ, ಒಗೆದ ಪಂಚೆ ಉಟ್ಟು, ಬಗಲಲ್ಲಿ ಒಂದು ಗಂಟು ಇಟ್ಟುಕೊಂಡಿದ್ದ. ಹಿಂದಿನ ಸಾಲಿನಲ್ಲಿ ಸಾತವ್ವ ಮೂರೂ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು. ರೇವಣಶಾಸ್ತ್ರಿಗಳಿಗೆ ಜಮಖಾನೆ ಹಾಸಿತ್ತು. ಅಡವಯ್ಯಜ್ಜ ಎಂದಿನಂತೆ ದೂರದಲ್ಲಿ, ತಮ್ಮ ಕೋಣೆಯ ಹೊಸ್ತಿಲ ಮೇಲೆ.

ಹಾಲಯ್ಯ ಕಥೆ ಹೇಳಿದ. ಎಂದೂ ಹೇಳದಷ್ಟು ಚೆನ್ನಾಗಿ ಹೇಳಿದ ಎಂದು ಆಮೇಲೆ ಎಲ್ಲರೂ ಒಪ್ಪಿಕೊಂಡರು. ಹೆಂಡತಿ ಓಡಿ ಬಂದಳು, ದಂಡೆಯಲ್ಲಿ ಹಿಡಿದಳು, ಅವನ ಒಂದು ಕಾಲು ಹರಿಗೋಲಿನಲ್ಲಿತ್ತು.

ಹಾಲಯ್ಯ ಗಿಂಡಿ ಎತ್ತಿದ. ಎತ್ತಿ, ನೀರನ್ನು ನೆಲಕ್ಕೆ ಸುರಿದುಬಿಟ್ಟ.

ಜನ ಬೆಚ್ಚಿಬಿದ್ದರು. ಯಾರೋ ಮುದುಕಿ ಶಿವಶಿವಾ ಎಂದಳು. ಹಾಲಯ್ಯ ಬೀರಪ್ಪನ ಮುಖವನ್ನೇ ನೋಡುತ್ತ, ಆರು ದಿನ ಕೂತು ಹದಗೊಳಿಸಿದ್ದ ಧ್ವನಿಯಲ್ಲಿ ಹೇಳಿದ:

"ಕೂಸಿಗೆ ಜ್ವರ ಬಂದೈತಿ. ಇವತ್ತೊಂದಿನ ಇದ್ದು ನಾಳೆ ಹೋಗ್ರಿ."

ಇಪ್ಪತ್ತಲ್ಲ, ನಲವತ್ತು ಎಣಿಸುವಷ್ಟು ಹೊತ್ತು ಯಾರೂ ಉಸಿರೆತ್ತಲಿಲ್ಲ. ಹಾಲಯ್ಯ ಗೆದ್ದೆ ಎಂದುಕೊಂಡ.

ಆಗ ರೇವಣಶಾಸ್ತ್ರಿಗಳು ಜಮಖಾನೆಯಿಂದ ಎದ್ದರು. ಅವರ ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು. ಎರಡೂ ಕೈ ಎತ್ತಿ ಮುಗಿದರು. ಇಷ್ಟು ತಲೆಮಾರು ಮುಚ್ಚಿದ್ದ ರಹಸ್ಯ ಇಂದು ನಮ್ಮ ಪುಣ್ಯಕ್ಕೆ ತೆರೆಯಿತು ಎಂದರು. ಕೂಸು ಅಂದರೆ ಯಾರು? ಜೀವ. ಜ್ವರ ಅಂದರೆ ಏನು? ಸಂಸಾರ. ಇವತ್ತು ಅಂದರೆ ಈ ಜನ್ಮ, ನಾಳೆ ಅಂದರೆ ಇದರಾಚೆಯದು. ಈ ಜನ್ಮ ಒಂದಿದ್ದು ಆಚೆ ಹೋಗು ಎಂದು ಆ ತಾಯಿ, ತಾಯಿಯಲ್ಲ ಆಕೆ, ಸಾಕ್ಷಾತ್ ಪರಾಶಕ್ತಿ, ಗಂಡನಿಗೆ ಉಪದೇಶ ಮಾಡಿದಳು ಎಂದರು.

ಜನರಿಂದ ಒಂದು ಹೂಂಕಾರ ಎದ್ದಿತು. ತಲೆಗಳು ಅಲ್ಲಾಡಿದವು. ಪಕ್ಕದವನಿಗೆ ಪಕ್ಕದವನು ತಿಳಿಸಿ ಹೇಳತೊಡಗಿದ.

ಹಾಲಯ್ಯ ಅಲ್ಲ ಅಲ್ಲ ಎಂದು ಕೂಗಿದ. ಜ್ವರ ಅಂದರೆ ಜ್ವರ, ಮೈ ಬಿಸಿಯಾಗುವುದು, ಔಷಧ ಕುಡಿಸಬೇಕಾಗುವುದು ಎಂದ. ಶಾಸ್ತ್ರಿಗಳು ಕರುಣೆಯಿಂದ ನಕ್ಕರು. ಹೇಳುವ ಪಾತ್ರೆಗೆ ಒಳಗಿನದರ ರುಚಿ ತಿಳಿಯಬೇಕೆಂದೇನೂ ಇಲ್ಲ ಎಂದು ಜನರಿಗೆ ಸಮಾಧಾನ ಹೇಳಿದರು. ಕೆಲವರು ಸಾಲುಗಟ್ಟಿ ಬಂದು ಹಾಲಯ್ಯನ ಕಾಲು ಮುಟ್ಟಿದರು. ಅದನ್ನು ನಮ್ಮ ಕಿವಿಯಲ್ಲಿ ಇನ್ನೊಂದು ಸಲ ಹೇಳಿರಿ ಎಂದು ಬಗ್ಗಿದರು.

ಸಾತವ್ವ ಮಕ್ಕಳನ್ನು ಸರಿಸಿ ಮುಂದೆ ಬಂದಳು. ಗಂಡನ ಭುಜ ಹಿಡಿದು ಅಲ್ಲಾಡಿಸಿದಳು.

"ಕೇಳಿದ್ಯಾ? ಆಕಿ ಏನು ಹೇಳಿದ್ಲು, ಕೇಳಿದ್ಯಾ?"

ಬೀರಪ್ಪ ಕಣ್ಣು ತೆರೆದ. ಮುಖ ತೊಳೆದಷ್ಟು ತಿಳಿಯಾಗಿತ್ತು.

"ಕೇಳಿದೆ. ನನಗ ಹತ್ತಿದ್ದು ಜ್ವರ ಅಂತ ಇವತ್ತು ತಿಳೀತು," ಎಂದು ಗಂಟನ್ನು ಎತ್ತಿಕೊಂಡು ಆಶ್ರಮದ ಒಳಗೆ ಹೋದ.

ಆ ಹೊತ್ತಿಗೆ ಹಾಲಯ್ಯ ಕಟ್ಟೆಯಿಂದ ಇಳಿದು ಸಾತವ್ವನ ಹತ್ತಿರ ಬಂದಿದ್ದ. ನಾನು ನಿನಗೋಸ್ಕರ ಹೇಳಿದೆ ತಂಗಿ, ನಿಜವನ್ನೇ ಹೇಳಿದೆ ಎಂದು ತೊದಲಿದ. ಸಾತವ್ವ ಚಿಕ್ಕದನ್ನು ಎತ್ತಿಕೊಂಡು, ಇನ್ನಿಬ್ಬರನ್ನು ಕೈಯಲ್ಲಿ ಹಿಡಿದುಕೊಂಡಳು.

"ನೀವು ಬಾಯಿ ಮುಚ್ಚಿಕೊಂಡಿದ್ದಾಗ ಅವಗ ಒಂದೀಟು ಅನುಮಾನರ ಇತ್ತು," ಅಂದಳು. "ಅದೂ ಹೋತು."

ಹರಿಗೋಲು ಅವರನ್ನು ಕೂರಿಸಿಕೊಂಡು ಹೋಯಿತು. ದೊಡ್ಡ ಹುಡುಗಿ ಮಾತ್ರ ಆಶ್ರಮದ ದಂಡೆಯ ಕಡೆ ನೋಡುತ್ತಿದ್ದಳು. ಜನ ಊಟಕ್ಕೆ ಕೂತರು, ಆವತ್ತು ಆಶ್ರಮದಲ್ಲಿ ಹುಗ್ಗಿ ಮಾಡಿದ್ದರು.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಹಾಲಯ್ಯ ಅಜ್ಜನ ಕೋಣೆಗೆ ಬಂದ. ಅಜ್ಜ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಹಾಲಯ್ಯ ಅವರ ಎದುರು ಕುಸಿದು ಕೂತ. ಬಾಯಿ ತೆರೆದ ಮೇಲೆ ನಿಲ್ಲಿಸಲಿಲ್ಲ. ಶಾಸ್ತ್ರಿಗಳನ್ನು ಬೈದ, ಜನರನ್ನು ಬೈದ, ಬೀರಪ್ಪನನ್ನು ಬೈದ. ಮುಚ್ಚಿಟ್ಟಾಗ ಇವರಿಗೆ ಅದು ಮಂತ್ರವಾಗಿತ್ತು, ಬಿಚ್ಚಿಟ್ಟರೆ ಮಹಾಮಂತ್ರವಾಯಿತು, ಇಂಥವರಿಗೆ ನಿಜ ಹೇಳಿ ಏನು ಬಂತು ಎಂದ. ನಾಳೆಯಿಂದ ಬೀರಪ್ಪ ಇಲ್ಲೇ ಕಸ ಗುಡಿಸುತ್ತಾನೆ, ದಿನಾ ಅವನ ಮುಖ ನೋಡಬೇಕು ಎಂದು ತಲೆ ಚಚ್ಚಿಕೊಂಡ.

ಅಜ್ಜ ಒಂದು ಕಲ್ಲು ಆರಿಸಿ ಆಚೆ ಎಸೆದರು.

"ಒಬ್ಬರಿಗೂ ತಿಳೀಲಿಲ್ಲ ಅಜ್ಜಾರ," ಅಂದ ಹಾಲಯ್ಯ. "ಒಬ್ಬ ತಾಯಿ ತನ್ನ ಕೂಸಿಗೆ ಜ್ವರ ಬಂದೈತಿ ಅಂತಾಳ. ಇದರಾಗ ತಿಳೀಲಾರದ್ದು ಏನೈತ್ರಿ? ಇವರೇನು ಮನಷ್ಯಾರೋ ಕಲ್ಲೋ?"

ಅಜ್ಜ ಮೊರವನ್ನು ಕೆಳಗಿಟ್ಟರು. ಶಿಷ್ಯನ ಮುಖ ನೋಡಿದರು. ಸಿಟ್ಟಿನಿಂದಲ್ಲ, ಸೋತವರ ಹಾಗೆ ನೋಡಿದರು.

"ನಿನ್ನೂರು ಎರಡು ದಿನದ ದಾರಿ. ನಿನಗ ಒಂಬತ್ತು ದಿನ ಇತ್ತು. ಯಾಕ ಮುಚ್ಚಿಟ್ರಿ ಅಂತ ಕೇಳಿದಿ, ಹನ್ನೆರಡು ವರ್ಷ ಯಾಕ ಅಂತ ಕೇಳಿದಿ, ಹೆಂಗ ಹೇಳಿದ್ರ ಚಂದ ಅಂತ ಹೊಳಿ ದಂಡಿಗೆ ಕುಂತು ಹೊಳೀನ್ನ ಕೇಳಿದಿ. ಆ ಕೂಸು ಉಳೀತೇನು ಅಂತ ನೀನೂ ಕೇಳಲಿಲ್ಲ."